ಖಲ್ಫೂನನ ಪುಸ್ತಕದೊಳಗಿನ ಇಲಿ

ಖೈರವಾನದ ಜನ ಖಲ್ಫೂನನನ್ನು ಮಾಂತ್ರಿಕ ಎನ್ನುತ್ತಿದ್ದರು. ಅವನೂ ಬೇಡ ಎನ್ನುತ್ತಿರಲಿಲ್ಲ. ಮೂವತ್ತೊಂದು ವರ್ಷ ಕೂತು ಬರೆದ ಅವನ ಪುಸ್ತಕದ ಹೆಸರು ‘ಮನೆಬಳಕೆಯ ಮಾಯೆ’. ಚೇಳು ಬರದ ಹಾಗೆ ಹೊಸ್ತಿಲಿಗೆ ಏನು ಬಳಿಯಬೇಕು, ಆಲಿವ್ ಎಣ್ಣೆಯ ಕಮಟು ಹೇಗೆ ತೆಗೆಯಬೇಕು, ಸೋರುವ ನೀರಿನ ತೊಟ್ಟಿಯನ್ನು ಹೇಗೆ ಮುಚ್ಚಬೇಕು, ಅದರ ತುಂಬ ಇಂಥವೇ. ಹುಡುಕಿದರೂ ಒಂದು ಭೂತ ಸಿಗದು. ಆದರೆ ಮೊದಲ ಪುಟದಲ್ಲಿ ಮಾತ್ರ ‘ಈ ಗುಟ್ಟು ಬಿಟ್ಟುಕೊಟ್ಟವನ ನಾಲಿಗೆ ಬಿದ್ದುಹೋಗಲಿ’ ಎಂದು ಬರೆದಿಟ್ಟಿದ್ದ. ಹಾಗೆ ಬರೆಯದಿದ್ದರೆ ಯಾರು ಓದುತ್ತಾರೆ ಅನ್ನುವುದು ಅವನ ವಾದ.

ಕಣ್ಣಿಗೆ ಪೊರೆ ಬಂದ ಮೇಲೆ ಪ್ರತಿ ಮಾಡುವ ಕೆಲಸವೆಲ್ಲ ಅವನ ವಿಧವೆ ಮಗಳು ಘಾಲಿಯಾಳ ಪಾಲಿಗೆ ಬಂತು. ಅವಳು ಬರೆದ ಒಂದು ಪ್ರತಿ ಒಂಟೆಸಾಲಿನ ಜೊತೆ ದೂರದ ಫುಸ್ತಾತಿಗೆ ಹೋಗಿತ್ತು. ಅದೇ ಈಗ ಅಪ್ಪನ ಕುತ್ತಿಗೆಗೆ ಬಂದಿತ್ತು.

ಆ ಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮುಫರ್ರಿಜ್ ಎಂಬವನು ಖೈರವಾನದ ಖಾಜಿಯ ಅಂಗಳದಲ್ಲಿ ಜನರೆದುರು ನಿಂತಿದ್ದ. ಫುಸ್ತಾತಿನ ಒಂದು ಮಸೀದಿಯ ಉಸ್ತುವಾರಿ ಅವನದು. ಎರಡು ತಿಂಗಳು ಮರಳು ತಿಂದುಕೊಂಡು ಬಂದವನ ಸಿಟ್ಟು ಇನ್ನೂ ಆರಿರಲಿಲ್ಲ.

“ಈ ಮನುಷ್ಯ ಇಲಿ ಬೇಯಿಸಿ ನೀರಿನ ತೊಟ್ಟಿಗೆ ಮೆತ್ತಿ ಅಂತ ಬರ್ದಿದ್ದಾನೆ, ಖಾಜಿ ಸಾಹೇಬ್ರೇ. ನಮಾಜಿಗೆ ಕೈಕಾಲು ತೊಳ್ಯೋ ನೀರದು.”

“ನಾನ್ಯಾಕಪ್ಪ ಇಲಿ ಬರೀಲಿ?” ಖಲ್ಫೂನ್ ಕೋಲು ಕುಟ್ಟಿದ. “ನಮ್ಮನೆ ಬೆಕ್ಕಿಗೇ ಇಲಿ ಕಂಡ್ರಾಗಲ್ಲ.”

“ಓದ್ತೀನಿ ಕೇಳಿ. ‘ಚೆನ್ನಾಗಿ ಕಪ್ಪಗಿರುವ ಇಲಿಯನ್ನು ತೆಗೆದುಕೊ. ಸಣ್ಣ ಉರಿಯಲ್ಲಿ ಕರಗಿಸು. ಸುಣ್ಣ ಬೆರೆಸಿ ಬಿಸಿಯಿರುವಾಗಲೇ ಬಿರುಕಿಗೆ ಮೆತ್ತು.’ ಬರೆದೋರಿಗೆ ಅಕ್ಷರಕ್ಕೆ ಚುಕ್ಕೆ ಇಡಕ್ಕೂ ಬರಲ್ಲ. ಪುಟಪುಟಕ್ಕೂ ತಪ್ಪು. ಅರ್ಥ ನೋಡ್ಕೊಂಡು ನಾನೇ ತಿದ್ಕೊಂಡು ಓದ್ಬೇಕಾಯ್ತು.”

ಖಾಜಿ ಇಬ್ನ್ ವರ್ದಾನ್ ಹಣೆ ಒರೆಸಿಕೊಂಡ. “ಇದು ನಿಜವಾದ್ರೆ ಊರಲ್ಲಿರೋ ಪ್ರತಿನೆಲ್ಲ ತರಿಸಿ, ಮಸಿ ಹೋಗೋ ಹಾಗೆ ಹಾಳೆಹಾಳೆ ತೊಳೆಸ್ಬಿಡ್ತೀನಿ ಖಲ್ಫೂನ್. ಆಮೇಲೆ ನೀನು ಒಂದಕ್ಷರ ಬರೆಯೋ ಹಾಗಿಲ್ಲ.”

ಘಾಲಿಯಾ ಹೆಂಗಸರ ಕಡೆ ನಿಂತಿದ್ದಳು. ಅಪ್ಪ ಇಲಿ ಎಂದು ಹೇಳಿ ಬರೆಸಿರಲಿಲ್ಲ. ಹಾಗಾದರೆ ತಪ್ಪಿದ್ದು ತನ್ನ ಕೈಯೇ? ಮೂವತ್ತೊಂದು ವರ್ಷದ ದುಡಿಮೆ ತನ್ನ ಒಂದು ಚುಕ್ಕೆಯಿಂದ ನೀರುಪಾಲಾಗುತ್ತದೆಯೇ? ಅವಳು ಮುಂದೆ ಬಂದು ಪುಸ್ತಕ ನೋಡಬೇಕೆಂದು ಕೇಳಿದಳು.

ಅಕ್ಷರ ಅವಳದೇ. ಆ ಪದದ ಮೊದಲಕ್ಷರದ ಮೇಲೆ ಒಂದು ಚುಕ್ಕೆ. ಖಾರ್. ಅಂದರೆ ಡಾಂಬರು. ಅವಳಿಗೆ ಹೋದ ಜೀವ ಬಂದಂತಾಯಿತು.

“ಇಲ್ಲಿರೋದು ಡಾಂಬರು,” ಎಂದು ಪುಸ್ತಕವನ್ನು ಖಾಜಿಗೆ ಕೊಟ್ಟಳು. ಖಾಜಿಯೂ ಹಾಗೆಯೇ ಓದಿದ.

“ನೀವೆಲ್ಲ ಒಂದೇ ಊರೋರು,” ಮುಫರ್ರಿಜ್ ಕಿಡಿಕಿಡಿಯಾದ. “ಎರಡು ಚುಕ್ಕೆ ಇದ್ರೆ ಖಾರ್. ಒಂದೇ ಇದ್ರೆ ಫಾರ್, ಇಲಿ. ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನ್ಯಾಯ ಇಲ್ಲಿ ಸಿಗದಿದ್ರೆ ಅಮೀರರ ಬಾಗಿಲಿಗೆ ಹೋಗ್ತೀನಿ.”

ಅಮೀರನ ಹೆಸರು ಕೇಳಿದ್ದೇ ಖಾಜಿಯ ಮುಖ ಸಣ್ಣದಾಯಿತು. ಒಂದು ಪುಸ್ತಕಕ್ಕಾಗಿ ಅರಮನೆಯನ್ನು ಮೈಮೇಲೆ ಎಳೆದುಕೊಳ್ಳುವ ಆಸಾಮಿ ಅವನಲ್ಲ. “ತೊಳೆಸೋದೇ ಒಳ್ಳೇದೇನೋ,” ಎಂದು ಗೊಣಗಿದ. ಖಲ್ಫೂನ್ ಕೋಲು ಹಿಡಿದು ಸುಮ್ಮನೆ ನಿಂತಿದ್ದ. ಅಪ್ಪ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಘಾಲಿಯಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳು ಮುಫರ್ರಿಜನ ಎದುರಿಗೆ ಬಂದು ನಿಂತಳು.

“ಶೇಖ್ ಸಾಹೇಬ್ರೇ,” ಎಂದಳು, “ಇವತ್ತು ಬನ್ನಿ ಅಂತ ಖಾಜಿ ಸಾಹೇಬ್ರ ಗುಮಾಸ್ತರಿಂದ ನಿಮಗೆ ಚೀಟಿ ಬಂದಿತ್ತಲ್ಲ, ಇದೆಯಾ?”

ಅವನು ತೋಳಿನೊಳಗಿಂದ ತೆಗೆದ.

“ಜೋರಾಗಿ ಓದಿ. ಅರ್ಥ ನೋಡಿ ಓದ್ಬೇಡಿ. ನಿಮ್ಮೂರ ಲೆಕ್ಕದಲ್ಲಿ ಚುಕ್ಕೆ ನೋಡಿ ಓದಿ.”

“ಫೈರವಾನದ…” ಎಂದು ಶುರುಮಾಡಿ ಅವನು ತಡವರಿಸಿದ.

“ಮುಂದೆ?”

“ಫೈರವಾನದ… ಫಾಜಿ…”

ಫಾಜಿ ಎಂದರೆ ಕೆಲಸವಿಲ್ಲದೆ ಖಾಲಿ ಕೂತವನು. ಕಂಬಕ್ಕೊರಗಿದ್ದ ತೊಗಲು ಹದಮಾಡುವ ಮುದುಕ ಮೊದಲು ನಕ್ಕ. ಆಮೇಲೆ ಇಡೀ ಅಂಗಳ ನಕ್ಕಿತು.

“ಏನಂದ್ರಿ ನನ್ನ?” ಎಂದ ಖಾಜಿ.

“ಅವರು ಅಂದಿದ್ದಲ್ಲ, ಸಾಹೇಬ್ರೇ, ಚುಕ್ಕೆ ಅಂದಿದ್ದು,” ಘಾಲಿಯಾ ಹೇಳಿದಳು. “ನಮ್ಮ ಕಡೆ ಫ ಅಕ್ಷರಕ್ಕೆ ಚುಕ್ಕೆ ಕೆಳಗೆ, ಖ ಅಕ್ಷರಕ್ಕೆ ಮೇಲೊಂದು. ಅವರ ಕಡೆ ಮೇಲೊಂದಿದ್ರೆ ಫ. ನನ್ನ ಕೈ ತಪ್ಪಿಲ್ಲ, ನಿಮ್ಮ ಗುಮಾಸ್ತರದ್ದೂ ತಪ್ಪಿಲ್ಲ.” ಆಮೇಲೆ ಮುಫರ್ರಿಜನ ಕಡೆ ತಿರುಗಿದಳು. “ಶೇಖ್ ಸಾಹೇಬ್ರೇ, ಈ ಚೀಟಿ ಬಂದಾಗ ಖಾಜಿನ ತಿದ್ಕೊಂಡು ಓದಿದ್ರಿ, ಊರ ಹೆಸರನ್ನೂ ತಿದ್ಕೊಂಡು ಓದಿದ್ರಿ. ಡಾಂಬರು ಬಂದಾಗ ಮಾತ್ರ ಇಲೀನೇ ಇರಲಿ ಅಂದ್ಕೊಂಡ್ರಿ. ಯಾಕೆ? ಬಡಗಿ ಬರೆದ ಪುಸ್ತಕ ಆಗಿದ್ರೆ ಒಂದು ಸಲ ಯೋಚ್ನೆ ಮಾಡ್ತಿದ್ರಿ. ಮಾಂತ್ರಿಕ ಬರ್ದಿದ್ದು, ಇಲಿ ಇರಬೇಕಾದ್ದೇ, ಅಲ್ವಾ?”

ಮುಫರ್ರಿಜ್ ಚೀಟಿ ನೋಡಿದ, ಪುಸ್ತಕ ನೋಡಿದ, ಮತ್ತೆ ಚೀಟಿ ನೋಡಿದ. ಮನುಷ್ಯ ಮುಂಗೋಪಿ, ಆದರೆ ಸುಳ್ಳನಲ್ಲ. ಪೇಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಅಲ್ಲೇ ಚಾಪೆಯ ಮೇಲೆ ಕೂತ.

“ಮೂರು ಇಲಿ ಬೇಯಿಸಿದೆನವ್ವಾ,” ಎಂದ. “ನನ್ನ ಕೈಯಾರೆ. ನಮ್ಮೂರಲ್ಲಿ ಈಗ ನನ್ನ ಹೆಸರೇ ಇಲಿ ಮುಫರ್ರಿಜ್.”

ಈ ಸಲ ಖಾಜಿಯೂ ತಡೆದುಕೊಳ್ಳಲಿಲ್ಲ. ನಗು ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ: ಪುಸ್ತಕದಲ್ಲಿ ದೋಷವಿಲ್ಲ, ಯಾರೂ ಅದರ ಒಂದು ಹಾಳೆ ತೊಳೆಯಕೂಡದು, ಒಂದು ಪ್ರತಿ ದೊಡ್ಡ ಮಸೀದಿಯ ಕಪಾಟಿಗೆ ಸೇರಬೇಕು. ಜನ ಖಲ್ಫೂನನ ಸುತ್ತ ಮುಗಿಬಿದ್ದರು. ಅವನೋ ಎಲ್ಲರನ್ನೂ ಕೋಲಿನಿಂದ ಸರಿಸಿಕೊಂಡು ಮುಫರ್ರಿಜನ ಪಕ್ಕ ಹೋಗಿ ಕೂತ.

“ಅದೆಲ್ಲ ಇರ್ಲಿ. ನಿಜ ಹೇಳು, ಇಲಿ ಮೆತ್ತಿದ್ಮೇಲೆ ಸೋರೋದು ನಿಂತಿತಾ?”

“ಒಂದು ಬಿರುಕಲ್ಲಿ ನಿಂತಿತು.”

“ಬರ್ಕೊ ಮಗಳೇ,” ಎಂದ ಖಲ್ಫೂನ್.

“ಅಪ್ಪಾ, ಇಲಿ ಬರೆಯಲ್ಲ ನಾನು.”

ಮುಫರ್ರಿಜ್ ಅವಳ ಮುಂದೆ ಪುಸ್ತಕ ಹಿಡಿದ. ಅವನ ದನಿ ಈಗ ಮೆತ್ತಗಾಗಿತ್ತು. “ನಮ್ಮ ಚುಕ್ಕೆ ಹಾಕಿ ಇನ್ನೊಂದು ಪ್ರತಿ ಬರ್ಕೊಡ್ತೀಯಾ ತಾಯಿ? ಕೊನೇಲಿ ಯಾರು ಬರ್ದಿದ್ದು ಅಂತ ನಿನ್ನ ಹೆಸರು ಹಾಕು. ಇಲ್ದಿದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ.”

ಇಷ್ಟು ವರ್ಷ ಬರೆದ ಒಂದು ಪ್ರತಿಯಲ್ಲೂ ಅವಳ ಹೆಸರು ಇರಲಿಲ್ಲ. ಘಾಲಿಯಾ ಗುಮಾಸ್ತನ ಕೈಯಿಂದ ಲೇಖನಿ ಇಸಿದುಕೊಂಡು ಅಲ್ಲೇ, ಎಲ್ಲರ ಎದುರಿಗೆ, ಹೊಸ ಪ್ರತಿಯ ಕೊನೆಯ ಸಾಲನ್ನೇ ಮೊದಲು ಬರೆದಳು: ಖಲ್ಫೂನನ ಪುಸ್ತಕ, ಮಗಳು ಘಾಲಿಯಾಳ ಕೈಬರಹ.