ಜೈಲಿನಿಂದ ಬಿಡುಗಡೆಯಾದ ಮಗ್ಗ

ನಾನು ಒಂದು ಕೈಮಗ್ಗ. ಬಾಗಲಕೋಟೆ ಸೀಮೆಯ ಮೌನೇಶ ಎಂಬ ಬಡಿಗನ ಅಂಗಳದಲ್ಲಿ ಸಾಗವಾನಿ ತೊಲೆಗಳಿಂದ ಹುಟ್ಟಿದವನು. ಮೌನೇಶ ನನ್ನ ನಾಲ್ಕು ಕಾಲುಗಳನ್ನು ನಿಲ್ಲಿಸಿ ಬೆಣೆ ಬಡಿದ. ಲಾಳಿ ಓಡುವ ಹಲಗೆಯನ್ನು ಅಂಗೈಯಿಂದ ಸವರಿ ನೋಡಿ, "ಒಂದ ಎಳಿನೂ ಸಿಕ್ಕೋಬಾರ್ದು ನೋಡು" ಎಂದು ನನಗೇ ಹೇಳಿದ. ಯಾರಾದರೊಬ್ಬ ನೇಕಾರನ ಪಡಸಾಲೆ ಸೇರುತ್ತೇನೆ ಎಂದು ನಾನು ಕನಸು ಕಾಣುತ್ತಿದ್ದೆ. ನನ್ನನ್ನು ಒಯ್ಯಲು ಬಂದದ್ದು ಜೈಲಿನ ಲಾರಿ.

ಜೈಲಿನ ನೇಯ್ಗೆ ಶೆಡ್ಡಿಗೆ ಎಂಟು ಕಿಟಕಿಗಳಿದ್ದವು. ಎಂಟಕ್ಕೂ ತಗಡು ಹೊಡೆಸಿದ್ದರು. ಆಗಿನ ಸೂಪರಿಂಟೆಂಡೆಂಟರು ಕಟ್ಟುನಿಟ್ಟಿನ ಮನುಷ್ಯ. "ಜೈಲಿನ ಹೆಸರು ಕೇಳಿದ್ರ ಮಂದಿ ನಡಗಬೇಕು. ಅಂದ್ರ ಹೊರಗ ಕಳವು ನಿಲ್ತಾವ" ಎನ್ನುತ್ತಿದ್ದರು. ಆ ಮಾತನ್ನು ಅಕ್ಷರಶಃ ನಡೆಸುತ್ತಿದ್ದವನು ಹೆಡ್ ವಾರ್ಡರ್ ಯಲಗೂರ್ದಪ್ಪ. ದಿನಕ್ಕೆ ಇಷ್ಟು ಮೊಳ ಒರಟು ಹಾಸುಬಟ್ಟೆ ನೇಯಲೇಬೇಕು. ಕಡಿಮೆಯಾದರೆ ಆ ವಾರ ಮನೆಯವರ ಭೇಟಿ ರದ್ದು.

ನನ್ನ ಮುಂದೆ ಕೂತವನು ಪರಸಪ್ಪ. ಮನೆಗಳವು ಮಾಡಿ ಎರಡು ವರ್ಷದ ಶಿಕ್ಷೆಗೆ ಬಂದಿದ್ದ. ಅವನಿಗೆ ನೇಯ್ಗೆ ಗೊತ್ತಿರಲಿಲ್ಲ, ಕಲಿಸುವವರೂ ಇರಲಿಲ್ಲ. ಕತ್ತಲಲ್ಲಿ ಎಳೆ ಹರಿಯುತ್ತಿತ್ತು. ಹರಿದದ್ದನ್ನು ಗಂಟು ಹಾಕುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಒಂದು ವಾರ ಅರ್ಧ ಮೊಳ ಕಡಿಮೆಯಾಯಿತು. ಆ ಭಾನುವಾರ ಅವನ ತಾಯಿ ಎರಡು ಬಸ್ಸು ಬದಲಿಸಿ ಬಂದಿದ್ದಳಂತೆ. ಗೇಟಿನಿಂದಲೇ ವಾಪಸು ಕಳಿಸಿದರು. ಸುದ್ದಿ ಕೇಳಿದ ಪರಸಪ್ಪ ಓಡಿ ಬಂದು ನನ್ನ ಎಡಗಾಲಿಗೆ ಒದ್ದ. ಒಂದಲ್ಲ, ಮರ ಸೀಳುವ ತನಕ ಒದ್ದ. ಅವನ ಪಾದದ ರಕ್ತ ನನ್ನ ಸೀಳಿನೊಳಗೆ ಇಳಿಯಿತು.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನನ್ನು ಹದಿನೈದು ದಿನ ಒಂಟಿ ಕೋಣೆಗೆ ಹಾಕಿದರು. ನನ್ನ ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದರು. ಶಿಕ್ಷೆ ಮುಗಿಸಿ ಹೊರಟ ದಿನ ಪರಸಪ್ಪ ನಿಜವಾಗಿಯೂ ನಡುಗುತ್ತಿದ್ದ. ಸೂಪರಿಂಟೆಂಡೆಂಟರಿಗೆ ಸಮಾಧಾನವಾಯಿತು. ಆದರೆ ವರ್ಷ ತುಂಬುವುದರೊಳಗೆ ಅವನು ಮತ್ತೊಂದು ಕಳವಿಗೆ ವಾಪಸು ಬಂದ. ಬಿಡುಗಡೆಯಾಗಿ ಹೋದ. ಮತ್ತೆ ಬಂದ.

ಅವನು ಮೂರನೆಯ ಸಲ ಬಂದಾಗ ಜೈಲಿಗೆ ಹೊಸ ಸೂಪರಿಂಟೆಂಡೆಂಟರು ಬಂದಿದ್ದರು. ಅಣ್ಣಾರಾವ್ ಕಟಗೇರಿ ಅವರ ಹೆಸರು. ಬೆಳಿಗ್ಗೆ ಶೆಡ್ಡಿಗೆ ಬಂದವರೇ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಪರಸಪ್ಪನನ್ನು ಕೇಳಿದರು:

"ಮೂರು ಸಲ ಬಂದೀಯಲ್ಲೋ. ಜೈಲು ಅಂದ್ರ ಹೆದರಿಕಿ ಇಲ್ಲೇನು ನಿನಗ?"

"ಭಾಳ ಐತ್ರೀ ಸಾಹೇಬ್ರ," ಎಂದ ಪರಸಪ್ಪ. "ಆದ್ರ ಕಳವು ಮಾಡೂವಾಗ ಸಿಗಬೀಳ್ತೀನಿ ಅಂತ ಅನಸೂದಿಲ್ರಿ. ಹೊರಗ ಹೋದ್ರ ಯಾರೂ ಕೆಲಸಕ್ಕ ಕರಿಯೂದಿಲ್ಲ. ಹೆದರಿಕಿ ಹೊಟ್ಟಿಗೆ ರೊಟ್ಟಿ ಹಾಕೂದಿಲ್ಲಲ್ರೀ."

ಕಟಗೇರಿ ಸಾಹೇಬರು ಎದ್ದು, ತಗಡು ಹೊಡೆದ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. ಮರುದಿನ ಕಿಟಕಿಗಳ ತಗಡು ಕೀಳಿಸಿದರು. ಜೈಲಿಗೆ ಬಂದ ಮೇಲೆ ನನ್ನ ಮೈಮೇಲೆ ಮೊದಲ ಸಲ ಬಿಸಿಲು ಬಿತ್ತು. ಆಮೇಲೆ ಸಾಹೇಬರು ವಿರೂಪಾಕ್ಷಪ್ಪನನ್ನು ಶೆಡ್ಡಿಗೆ ಕರೆಸಿದರು. ಅವನು ಇಳಕಲ್ಲಿನ ನೇಕಾರ. ಸಿಟ್ಟಿನ ಒಂದು ಗಳಿಗೆಯಲ್ಲಿ ದಾಯಾದಿಯನ್ನು ಕೊಂದು ಜೀವಾವಧಿ ಶಿಕ್ಷೆಗೆ ಬಂದವನು. ಅಷ್ಟು ವರ್ಷ ಅವನನ್ನು ಕಲ್ಲು ಒಡೆಯಲು ಹಚ್ಚಿದ್ದರು.

"ಇವರಿಗೆ ಸೀರಿ ನೇಯೂದು ಕಲಸ್ರಿ," ಎಂದರು ಸಾಹೇಬರು.

ವಿರೂಪಾಕ್ಷಪ್ಪ ಎಳೆಗಳನ್ನು ಬಡಿದು ಕೂಡಿಸುವ ನನ್ನ ಫಣಿಯನ್ನು ಮುಟ್ಟಿದ. ಅವನ ಕೈ ಕಲ್ಲಿನಂತೆ ಒರಟಾಗಿತ್ತು, ಬೆರಳುಗಳಿಗೆ ಮಾತ್ರ ಎಲ್ಲವೂ ನೆನಪಿತ್ತು. ಅವನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ.

ಯಲಗೂರ್ದಪ್ಪನಿಗೆ ಇದು ಸೇರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸಾಹೇಬರೆದುರು ನಿಂತುಬಿಟ್ಟ.

"ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ನನ್ನ ತಂಗಿ ಕೊಳ್ಳಾಗಿನ ಸರಾ ಹರಕೊಂಡು ಹೋದ್ರು. ಬಿದ್ದು ಟೊಂಕ ಮುರಕೊಂಡ್ಲು. ನಾಕು ವರ್ಷಾತು, ಹಾಸಿಗಿ ಬಿಟ್ಟು ಎದ್ದಿಲ್ಲ. ಅಂಥಾವರಿಗೆ ಬಿಸಲು, ಗಾಳಿ, ರೇಷ್ಮಿ ನೂಲು! ಹೊರಗಿನ ಕಳ್ಳರು ಹೆದರೂದಾದ್ರೂ ಯಾವುದಕ್ರೀ?"

ಅಷ್ಟು ವರ್ಷ ನಾನು ಅವನ ಲಾಠಿಯ ಸದ್ದನ್ನಷ್ಟೇ ಕೇಳಿದ್ದೆ.

"ನಿಮ್ಮ ನೋವು ಸಣ್ಣದಲ್ಲ," ಎಂದರು ಕಟಗೇರಿ ಸಾಹೇಬರು. "ಯಾರ ಶಿಕ್ಷೆನೂ ನಾ ಒಂದು ದಿನ ಕಡಿಮಿ ಮಾಡೂದಿಲ್ಲ. ಮನಿ ಮಂದಿ ಬಿಟ್ಟು ಇಲ್ಲೆ ಇರೂದ ಅವರ ಶಿಕ್ಷೆ. ಒಂದು ಮಾತು ಹೇಳ್ರಿ. ಆ ಸರಾ ಹರದಾವ ಸಿಕ್ಕನೇನು?"

"ಸಿಕ್ಕಾನ್ರಿ."

"ಮೊದಲ ಜೈಲು ನೋಡಿದ್ದನೋ ಇಲ್ಲೋ?"

ಯಲಗೂರ್ದಪ್ಪ ತಲೆ ತಗ್ಗಿಸಿದ. ಹಾಗೆಯೇ ಹೇಳಿದ: "ಇದ ಜೈಲಿನಾಗ ಎರಡು ಸಲ ಇದ್ದು ಹೋಗಿದ್ದನ್ರಿ. ನನ್ನ ಕೈಯಾಗ ಇದ್ದಾವ."

ಯಲಗೂರ್ದಪ್ಪ ನನ್ನ ತೊಲೆಯನ್ನು ಹಿಡಿದುಕೊಂಡು ನಿಂತ.

ಕಲಿಕೆ ಸುಲಭದ್ದಾಗಿರಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿ ನೂಲನ್ನೂ ಸೆರಗಿನ ರೇಷ್ಮೆಯನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಪರಸಪ್ಪ ಎಷ್ಟೋ ಸಲ ಎದ್ದು ಹೋದ. ವಿರೂಪಾಕ್ಷಪ್ಪ ಬೈಯಲಿಲ್ಲ. "ಬಾರೋ ತಮ್ಮಾ, ಅದು ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದು ಮತ್ತೆ ಕೂಡಿಸುತ್ತಿದ್ದ. ಐದು ತಿಂಗಳಾದ ಮೇಲೆ ಕೆಂಪು ಸೆರಗಿನ ಒಂದು ಕಪ್ಪು ಸೀರೆ ನನ್ನಿಂದ ಇಳಿಯಿತು. ಹುಟ್ಟಿದಾಗಿನಿಂದ ನಾನು ಕಾದಿದ್ದ ಸೀರೆ ಅದು. ಮುಂದಿನ ಭಾನುವಾರ ಪರಸಪ್ಪನ ತಾಯಿ ಬಂದಾಗ ಸಾಹೇಬರು ಅದನ್ನು ಅವಳಿಗೆ ತೋರಿಸಿದರಂತೆ. "ಇದನ್ನ ನನ್ನ ಮಗಾ ಮಾಡ್ಯಾನ?" ಎಂದು ಅವಳು ಮೂರು ಸಲ ಕೇಳಿದಳಂತೆ.

ಆದರೆ ಜೈಲಿನಲ್ಲಿ ಕೈದಿಗಳನ್ನು ಮೆರೆಸುತ್ತಿದ್ದಾರೆ ಎಂದು ಯಾರೋ ದೂರು ಬರೆದಿದ್ದರು. ವಿಚಾರಣೆಗೆ ಮೂವರ ಸಮಿತಿ ಬಂತು. ಮಗ್ಗಗಳನ್ನು ಹೊರಹಾಕಿ ಮತ್ತೆ ಕಲ್ಲು ಒಡೆಸಬೇಕೆಂಬುದು ಅವರಲ್ಲಿ ಹಿರಿಯರ ಅಭಿಪ್ರಾಯ. ಅವರು ಶೆಡ್ಡಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಕೊನೆಗೆ ಯಲಗೂರ್ದಪ್ಪನನ್ನು ಕರೆದರು. ಅವನು ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ನನಗೂ.

"ನೀವು ಹಳಬರು. ಹೇಳ್ರಿ, ಇಷ್ಟು ಸಡಿಲ ಬಿಟ್ರ ಕಳ್ಳರಿಗೆ ಹೆದರಿಕಿ ಉಳೀತೈತೇನು?" ಎಂದರು ಹಿರಿಯರು.

ಯಲಗೂರ್ದಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಇಪ್ಪತ್ತಾರು ವರ್ಷ ಹೆದರಿಸೇನ್ರಿ. ನನ್ನಷ್ಟು ಹೆದರಿಸಿದಾವ ಈ ಜೈಲಿನಾಗ ಇನ್ನೊಬ್ಬ ಇಲ್ಲ. ನಾ ಹೆದರಿಸಿ ಬಿಟ್ಟಾವ ಹೋಗಿ ನನ್ನ ತಂಗಿ ಟೊಂಕ ಮುರದ. ಅವನಿಗೂ ಹಿಂಗ ಒಂದು ಕೆಲಸ ಕಲಿಸಿದ್ರ ಆಕಿ ಇವತ್ತು ಎದ್ದು ಅಡ್ಡಾಡ್ತಿದ್ದಳೇನೋ. ಕೀಲಿ ಹಾಕೂ ಕೆಲಸ ನಾ ಮಾಡ್ತೀನ್ರಿ. ಮಗ್ಗ ಮಾತ್ರ ಮುಟ್ಟಬ್ಯಾಡ್ರಿ."

ಹಿರಿಯರು ಪೆನ್ನಿನ ಮುಚ್ಚಳ ಹಾಕಿದರು. ಹೋಗುವಾಗ ನನ್ನ ಮುಂದೆ ನಿಂತು, ಅರ್ಧ ನೇಯ್ದ ಸೀರೆಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಒಂದು ತಿಂಗಳಲ್ಲಿ ಆದೇಶ ಬಂತು. ನಾವು ಉಳಿದೆವು! ಅಷ್ಟೇ ಅಲ್ಲ, ಇನ್ನೂ ಹನ್ನೆರಡು ಹೊಸ ಮಗ್ಗಗಳು ಮಂಜೂರಾದವು. ಆ ದಿನ ಎಲ್ಲ ಲಾಳಿಗಳೂ ಒಟ್ಟಿಗೆ ಓಡಿದವು. ಆ ಸದ್ದು ಗೋಡೆಯ ಆಚೆಗಿನ ರಸ್ತೆಗೂ ಕೇಳಿಸಿರಬೇಕು.

ಪರಸಪ್ಪನ ಬಿಡುಗಡೆಯಾಯಿತು. ನಾನು ದಿನ ಎಣಿಸಿದೆ. ವರ್ಷ ತುಂಬಿತು. ಅವನು ಬರಲಿಲ್ಲ. ಎರಡನೆಯ ವರ್ಷವೂ ಬರಲಿಲ್ಲ. ಮೂರನೆಯ ವರ್ಷ ಬಂದ. ಈ ಸಲ ಪೊಲೀಸರು ಜೊತೆಗಿರಲಿಲ್ಲ. ಅವನ ಕೈಯಲ್ಲಿ ನೇಕಾರರ ಸಂಘದ ಒಂದು ಕಾಗದವಿತ್ತು. ಹೊಸ ಮಗ್ಗಗಳು ಬಂದದ್ದರಿಂದ ಹಳೆಯವನ್ನು ಸಂಘಕ್ಕೆ ಕೊಡಲು ಜೈಲು ಒಪ್ಪಿತ್ತು. ಬಹಳ ವರ್ಷ ಶಿಕ್ಷೆ ಅನುಭವಿಸಿ, ಅಷ್ಟರಲ್ಲಿ ಸರ್ಕಾರದ ಆದೇಶದ ಮೇಲೆ ಹೊರಬಂದಿದ್ದ ವಿರೂಪಾಕ್ಷಪ್ಪನೂ ಜೊತೆಗಿದ್ದ. ಇಬ್ಬರೂ ನನ್ನನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು ನಡೆದರು. ದೊಡ್ಡ ಗೇಟನ್ನು ಪೂರ್ತಿ ತೆರೆದವನು ಯಲಗೂರ್ದಪ್ಪ. ಆ ವರ್ಷವೇ ನಿವೃತ್ತನಾಗುವವನಿದ್ದ. ನಾನು ದಾಟುವಾಗ ಅವನು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅದು ಯಾರಿಗೆಂದು ಅವನನ್ನೇ ಕೇಳಬೇಕು.

ಈಗ ನನಗೆ ವಯಸ್ಸಾಗಿದೆ. ಪರಸಪ್ಪನ ಮನೆಯ ಪಡಸಾಲೆಯಲ್ಲಿ ಇದ್ದೇನೆ. ನನ್ನ ಕೀಲುಗಳು ಕಿರುಗುಟ್ಟುತ್ತವೆ, ದಿನಕ್ಕೆ ಸ್ವಲ್ಪವೇ ನೇಯುತ್ತೇನೆ. ಹೆದರಿಕೆಯಿಂದ ಬಟ್ಟೆ ಇಳಿದದ್ದನ್ನು ನಾನು ಕಂಡಿದ್ದೇನೆ. ಅದನ್ನು ನೇಯ್ದವರು ಮಾತ್ರ ಬಂದಂತೆಯೇ ವಾಪಸು ಹೋಗುತ್ತಿದ್ದರು. ಮನುಷ್ಯ ಬದಲಾದದ್ದನ್ನು ಕಂಡದ್ದು ಕಿಟಕಿ ತೆರೆದ ಮೇಲೆಯೇ.

ಹೋದ ವಾರ ಎದುರು ಮನೆಯ ಪತ್ತಾರ ಶಂಕ್ರಣ್ಣ ಬಂದಿದ್ದರು. ಬಂಗಾರದ ಕೆಲಸದವರು, ಪರಸಪ್ಪನ ಹಿಂದಿನ ಕಥೆ ಗೊತ್ತಿದ್ದವರು. ಹೆಂಡತಿ, ಮೊಮ್ಮಕ್ಕಳು ಹೊರಗೆ ಟೆಂಪೋದಲ್ಲಿ ಕೂತಿದ್ದರು.

"ಪರಸಣ್ಣಾ, ನಾವು ಗಾಣಗಾಪುರಕ್ಕ ಹೊಂಟೀವಿ. ಬರೂದು ನಾಕು ದಿನ ಆಗ್ತೈತಿ. ಮನಿ ಕಡೆ ಸ್ವಲ್ಪ ನೋಡ್ಕೋರಿ," ಎಂದು ಕೀಲಿಕೈ ಗೊಂಚಲನ್ನು ಅವನ ಅಂಗೈಯಲ್ಲಿಟ್ಟು, ಹಿಂದಿರುಗಿ ನೋಡದೆ ಹೋಗಿ ಟೆಂಪೋ ಹತ್ತಿದರು.

ಪರಸಪ್ಪ ಆ ಕೀಲಿಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನ್ನು ನನ್ನ ಮೇಲಿನ ಮೊಳೆಗೆ ತೂಗುಹಾಕಿ ಕೆಲಸಕ್ಕೆ ಕೂತ. ನಾಲ್ಕು ದಿನವೂ ಅವನು ಫಣಿ ಬಡಿದಾಗಲೆಲ್ಲ ಅವು ಗಲ್ಲೆನ್ನುತ್ತಿದ್ದವು. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ತಾಳಕ್ಕೆ ನಾನು ನೇಯ್ದಿರಲಿಲ್ಲ.