ಬದುಕಿರುವವರ ವಿಚಾರಣೆ

ಚೋರನೂರಿನ ಅಂಗನವಾಡಿ ಟೀಚರ್ ಅನ್ನಪೂರ್ಣಳಿಗೆ ಮತದಾರರ ಪಟ್ಟಿಯ ಕೆಲಸವೂ ಇತ್ತು. ಚುನಾವಣೆಗೆ ಮೂರು ತಿಂಗಳಿರುವಾಗ ಸಂಡೂರಿನ ತಾಲ್ಲೂಕು ಕಚೇರಿಯಿಂದ ಮೂವತ್ತೆಂಟು ಅರ್ಜಿಗಳು ಬಂದವು. ಎಲ್ಲವೂ ಒಂದೇ ಓಣಿಯವರ ಹೆಸರು ತೆಗೆಯಿರಿ ಅನ್ನುವಂಥವು. ಒಂದನ್ನು ಓದಿದವಳೇ ಕಾಳಪ್ಪನ ಮನೆಗೆ ಹೋದಳು.

"ಕಾಳಪ್ಪಣ್ಣ, ಹಂಪಕ್ಕ ಸತ್ತಾಳಂತ ನೀವು ಅರ್ಜಿ ಕೊಟ್ಟೀರೇನು?"

ಕಾಳಪ್ಪ ದಡಕ್ಕನೆ ಎದ್ದ. "ಎಂಥ ಮಾತಾಡ್ತೀರಿ ಟೀಚರ್ರ!"

ಅರ್ಜಿಯ ಕೆಳಗೆ ಅವನ ಹೆಸರಿನಲ್ಲಿ ಇಂಗ್ಲಿಷ್ ಸಹಿ ಇತ್ತು. ಅವನಿಗೆ ಕನ್ನಡದಲ್ಲೇ ಹೆಸರು ಬರೆಯುವುದು ಕಷ್ಟ. ಕಾಗದವನ್ನು ಅವನು ಮುಟ್ಟಲಿಲ್ಲ.

ಕುಡುಗೋಲು ಹಿಡಿದು ಹೊಲಕ್ಕೆ ಹೊರಟಿದ್ದ ಪಕ್ಕದ ಮನೆಯ ಹಂಪಕ್ಕ ಅಲ್ಲೇ ನಿಂತಳು. "ಹೋದಸಲ ನಮ್ಮ ಓಣಿ ಆ ವೀರೇಶನ ಕಡೇರಿಗೆ ಓಟು ಹಾಕ್ಲಿಲ್ಲ. ಅದಕ್ಕ ಸಾಯಿಸ್ಯಾರ."

ಸಂಜೆ ಪಂಚಾಯ್ತಿ ಸದಸ್ಯ ವೀರೇಶ್ ಅಂಗನವಾಡಿಗೆ ಬಂದ. "ಪರಿಶೀಲಿಸೀನಿ ಅಂತ ಸಹಿ ಹಾಕ್ರಿ, ಸಾಕು. ಮನಿ ಮನಿ ಯಾಕ ತಿರುಗ್ತೀರಿ?"

ಅನ್ನಪೂರ್ಣ ಪ್ರತಿ ಅರ್ಜಿಯ ಮೇಲೂ 'ಬದುಕಿದ್ದಾರೆ, ಇದೇ ಊರಿನವರು' ಎಂದು ಬರೆದು ಕಳಿಸಿದಳು. ವಾರದೊಳಗೆ ಪಟ್ಟಿಯ ಕೆಲಸ ಬೇರೆಯವರ ಪಾಲಾಯಿತು. ವಿಚಾರಣೆಗೆ ಖುದ್ದಾಗಿ ಸಂಡೂರಿಗೆ ಬಂದವರ ಹೆಸರು ಮಾತ್ರ ಉಳಿಯುತ್ತದೆಂದು ನೋಟಿಸು ಬಂತು.

ಇಪ್ಪತ್ತೆರಡು ಜನ ಆಗ ಕಂಪ್ಲಿಯಲ್ಲಿ ಭತ್ತದ ನಾಟಿಗೆ ಹೋಗಿದ್ದರು. ಹಂಪಕ್ಕ ಫೋನ್ ಮಾಡಿಸಿದರೂ ಕೂಲಿ ಮೇಸ್ತ್ರಿ ಅವರನ್ನು ಬಿಡಲಿಲ್ಲ. ಉಳಿದ ಹದಿನಾರು ಜನ ಟೆಂಪೊ ಹತ್ತಿದರು.

ಅಧಿಕಾರಿ ಹಂಪಕ್ಕನ ಆಧಾರ್ ಕಾರ್ಡು ನೋಡಿ, "ನಿನ್ನ ಹೆಸರು ಉಳೀತಮ್ಮ, ಹೋಗು" ಎಂದರು.

"ಸರ, ಕಳ್ಳ ಸಹಿ ಹಾಕಿದೋರು ಯಾರು?"

"ಅದು ಈ ವಿಚಾರಣೆಗೆ ಬರಲ್ಲ."

"ಕಂಪ್ಲಿಗೆ ಹೋದೋರ್ದು?"

ಅವರು ಮುಂದಿನ ಹೆಸರು ಕರೆದರು.

ಮತದಾನದ ದಿನ ಕಂಪ್ಲಿಗೆ ಹೋದವರು ಬಂದರು. ಪಟ್ಟಿಯಲ್ಲಿ ಹೆಸರಿಲ್ಲವೆಂದು ಶಾಲೆಯ ಬೂತಿನವರು ಅಷ್ಟೂ ಜನರನ್ನು ವಾಪಸು ಕಳಿಸಿದರು. ಹಂಪಕ್ಕನ ತಂಗಿ ದ್ಯಾಮಕ್ಕ ಗೇಟಿಗೆ ಒರಗಿ ಅಳತೊಡಗಿದಳು. ಹಂಪಕ್ಕ ಓಟು ಹಾಕಿ ಹೊರಬಂದವಳು ಮನೆಗೆ ಹೋಗಲಿಲ್ಲ. ತಂಗಿಯ ಕೈಹಿಡಿದು ಶಾಲೆಯ ಎದುರು ನೆಲದ ಮೇಲೇ ಕೂತಳು. ಎಲ್ಲರೂ ಕೂತರು. ಪೊಲೀಸರು ಗದರಿಸಿದರು.

"ಓಟಂತೂ ಇಲ್ಲ. ಕುಂದರಾಕೂ ಬ್ಯಾಡೇನ್ರಿ?" ಎಂದಳು ಹಂಪಕ್ಕ.

ಮತದಾನ ಮುಗಿಯುವವರೆಗೆ ಅವರು ಏಳಲಿಲ್ಲ. ಅನ್ನಪೂರ್ಣಳೂ ಬಂದು ಜೊತೆಗೆ ಕೂತಳು.

ಗೆದ್ದವರು ವೀರೇಶನ ಕಡೆಯವರೇ. ಓಣಿಯ ತುದಿಯಲ್ಲೇ ಪಟಾಕಿ ಹಚ್ಚಿದರು. ಅನ್ನಪೂರ್ಣ ಹೆಸರು ಸೇರಿಸುವ ಅರ್ಜಿಗಳನ್ನು ತಂದಳು. ಇಪ್ಪತ್ತೆರಡರಲ್ಲಿ ಒಂಬತ್ತು ಜನ ಹೆಬ್ಬೆಟ್ಟು ಒತ್ತಿದರು.

"ಮತ್ತ ತೆಗೀತಾರಕ್ಕ," ಎಂದಳು ದ್ಯಾಮಕ್ಕ.

"ತೆಗೀಲಿ. ಮತ್ತ ಅರ್ಜಿ ಹಾಕಾಣ," ಎಂದಳು ಹಂಪಕ್ಕ.

ದ್ಯಾಮಕ್ಕ ಕಂಪ್ಲಿಯ ಟೆಂಪೊ ಹತ್ತಿದಳು. ಅವಳ ಅರ್ಜಿ ಖಾಲಿಯಾಗಿಯೇ ಹಂಪಕ್ಕನ ಕೈಯಲ್ಲಿತ್ತು.