ನೀಲಿ ದಾರದ ಬಿಲ್ಲೆ

ಟಿಣ್.

ಸದ್ದು ಸಣ್ಣದೇ. ಹಗಲಾಗಿದ್ದರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ, ಒಳಗಿನಿಂದ ಅಗುಳಿ ಹಾಕಿದ ಕೋಣೆಯಲ್ಲಿ, ಅದು ಪಕ್ಕದೂರು ರಾಯಿಕೋಡಿನ ತನಕ ಕೇಳಿಸಿತೇನೋ ಎಂದು ಬಾಲಮಣಿಯ ಜೀವ ಹಾರಿತು. ಕಂಪ್ಯೂಟರಿನ ಬಾಯಿ ಮುಚ್ಚಲು ಸೆರಗು ತೆಗೆದಳು. ಅದರ ಬಾಯಿ ಎಲ್ಲಿದೆಯೋ ಗೊತ್ತಾಗದೆ ಇಡೀ ಪೆಟ್ಟಿಗೆಯನ್ನೇ ಹೊದಿಸಿಬಿಟ್ಟಳು.

“ಏನ್ ಮಾಡ್ತಿ ಯವ್ವಾ? ಕೂಸಿಗಿ ಮಲಗಸ್ದಂಗ ಹೊಚ್ಚಲತ್ತಿ! ತಗಿ ಅತ್ಲಾಗ,” ಎಂದು ಮಗಳು ಧಮ್ಮಶೀಲಾ ಪಿಸುಗುಟ್ಟಿದಳು. ಒಂದು ಕೈಯಲ್ಲಿ ಒಂಬತ್ತು ತಿಂಗಳ ಹೊಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಪಾಸ್‌ವರ್ಡ್ ಒತ್ತಿದಳು. ಅದನ್ನೇನು ಹುಡುಕಬೇಕಾಗಿರಲಿಲ್ಲ. ಮರೆತುಹೋದೀತೆಂದು ಆಪರೇಟರ್ ಆನಂದಕುಮಾರ ಪರದೆಯ ಕೆಳಗೇ ಚೀಟಿ ಅಂಟಿಸಿದ್ದ.

ಊರವರು ಇದನ್ನು ಟೀವಿ ದವಾಖಾನಿ ಎನ್ನುತ್ತಿದ್ದರು. ಪರದೆಯ ಮೇಲೆ ಪಟ್ಣದ ಡಾಕ್ಟರು ಬರುತ್ತಾರೆ, ಇಲ್ಲಿ ರೋಗಿಯ ಮೈಗೆ ಅಂಗೈಯಗಲದ ಒಂದು ಬಿಲ್ಲೆ ಹಚ್ಚುತ್ತಾರೆ, ಎದೆಯ ಬಡಿತ ಇಲ್ಲಿಯೂ ಅಲ್ಲಿಯೂ ಕೇಳಿಸುತ್ತದೆ. ಹಗಲಿನಲ್ಲಷ್ಟೇ ಅಲ್ಲ, ರಾತ್ರಿಯೂ ಡಾಕ್ಟರು ಸಿಗುತ್ತಾರೆಂದು ಗೋಡೆಯ ಮೇಲೆ ಬರೆದಿತ್ತು. ಕೋಣೆ ಮಾತ್ರ ರೇವಪ್ಪ ಪಟೇಲರ ಹಳೆಯ ಗೊಬ್ಬರದ ಗೋದಾಮು. ಆಪರೇಟರ್ ಅವರ ತಂಗಿಯ ಮಗ. ಗೋಡೆಗೆ ಅವರ ಅಪ್ಪನ ಫೋಟೊ. ಬಾಲಮಣಿಯದೆಂಬುದು ಅಲ್ಲಿ ಎರಡೇ: ಕಸಬರಿಗೆ ಮತ್ತು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಕೀಲಿ.

ಸರಕಾರ ಒಂದೇ ತೆರನ ಎರಡು ಬಿಲ್ಲೆ ಕಳಿಸಿತ್ತು, ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಬಂದ ದಿನವೇ ರೇವಪ್ಪ ಪಟೇಲರು ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ ಕಟ್ಟಿಸಿದರು. ಕೆಂಪಿನದು ಊರಿಗೆ, ನೀಲಿಯದು ಕೇರಿಗೆ. ಹೋಟೆಲಿನಲ್ಲಿ ಬೇರೆ ಗ್ಲಾಸಿಟ್ಟರೆ ಈಗ ಕೇಸಾಗುತ್ತದೆ. ಬಿಲ್ಲೆಗೆ ಯಾವ ಕೇಸು? ಕೇಳಿದವರಿಗೆ ಹೇಳಲು ಕೊರೊನಾ ಕಾಲದಲ್ಲಿ ಕಲಿತ ಒಂದು ಮಾತು ಅವರ ಬಳಿ ಇತ್ತು: “ಇನ್‌ಫೆಕ್ಷನ್ ಸಲುವಾಗಿ.” ಊರವರು ಒಳಗೆ ಮಂಚದ ಮೇಲೆ ಮಲಗುತ್ತಿದ್ದರು. ಕೇರಿಯವರು ಹೊರಗೆ ನಿಲ್ಲುತ್ತಿದ್ದರು, ಅವರಿಗೆ ಬಿಲ್ಲೆ ಕಿಟಕಿಯಿಂದ ಬರುತ್ತಿತ್ತು.

ಹಾಗೆ ಕೊಡುವಾಗಲೇ ಎರಡು ತಿಂಗಳ ಹಿಂದೆ ಆನಂದಕುಮಾರನ ಕೈಜಾರಿ ನೀಲಿಯದು ಫಿನೈಲ್ ಬಕೀಟಿನೊಳಗೆ ಬಿತ್ತು. ಅಂದಿನಿಂದ ಹಸಿರು ದೀಪ ಹತ್ತುತ್ತದೆ, ಸದ್ದಿಲ್ಲ. ಮೇಲಿನವರಿಗೆ ಹೇಳಿದರೆ ಬೈಸಿಕೊಳ್ಳಬೇಕಲ್ಲ? ಅವನು ಡಾಕ್ಟರನ್ನು ಪರದೆಗೆ ಕರೆಯದೆಯೇ ಸತ್ತ ಬಿಲ್ಲೆಯನ್ನು ಕೇರಿಯವರ ಮೈಗೆ ಹಚ್ಚಿ “ಠೀಕ್ ಅದ” ಅನ್ನುತ್ತಿದ್ದ. ಕಂಪ್ಯೂಟರಿನಲ್ಲಿ ಹಾಗೇ ಬರೆಯುತ್ತಿದ್ದ.

ಇವತ್ತು ಮಧ್ಯಾಹ್ನ ಬಾಲಮಣಿ ಕಿಟಕಿಗೆ ಬಾಯಿಟ್ಟು ಕೇಳಿದ್ದಳು. “ಮುಂಜಾನಿಂದ ಹೊಟ್ಯಾಗ ಕೂಸ ಹೊಳ್ಳಿಲ್ರಿ, ಮಿಸುಕಿಲ್ರಿ. ಆ ಕೆಂಪ ದಾರದ್ದು ಒಂದ್ಸಲ ಹಚ್ಚರಿ, ನಿಮ್ಮ ಕಾಲ ಬೀಳ್ತೀನಿ.”

ಉತ್ತರ ಕೊಟ್ಟದ್ದು ಒಳಗೆ ಖುರ್ಚಿಯ ಮೇಲಿದ್ದ ಪಟೇಲರು. “ಏನಂದಿ ರಂಡಿ? ನಮ್ಮ ಹೆಣ್ಮಕ್ಕಳ ಎದಿಗಿ ಹಚ್ಚೋದು ನಿನ್ನ ಮಗಳ ಹೊಟ್ಟಿಗಿ ಹಚ್ಚಬೇಕಾ? ಹೊಳ್ಳಿಲ್ಲಂದ್ರ ಏನಾತು? ನಿಮ್ಮ ಮಂದಿ ಹೊಟ್ಯಾಗ ಇದ್ದಾಗಿಂದೇ ಕೆಲಸಗಳ್ಳರು. ಕಸಾ ಹೊಡ್ಯಾಕ ಕೀಲಿ ಕೊಟ್ರ ಮನಿನೇ ಬೇಕಂತಾವ ಸೂಳೆಮಕ್ಕಳು.”

ಕೀಲಿಯ ನೆನಪು ಮಾಡಿಕೊಟ್ಟವರು ಅವರೇ.

ಪರದೆಯ ಮೇಲೆ ಡಾಕ್ಟರಮ್ಮ ಬಂದರು, ನಿದ್ದೆಗಣ್ಣು. ಅವರದು ತೆಲುಗು. ಜಹೀರಾಬಾದಿನಲ್ಲಿ ಇಂಟರ್ ಓದಿದ್ದ ಧಮ್ಮಶೀಲಾ ತಡವರಿಸದೆ ಮಾತಾಡಿದಳು. ಬಾಲಮಣಿ ಕೆಂಪು ದಾರದ ಬಿಲ್ಲೆಯನ್ನು ಹೊಟ್ಟೆಯ ಮೇಲಿಟ್ಟಳು. ಏನಿಲ್ಲ. ಸ್ವಲ್ಪ ಕೆಳಗೆ. ಏನಿಲ್ಲ. ಇನ್ನೂ ಸ್ವಲ್ಪ ಎಡಕ್ಕೆ.

ದಬದಬದಬದಬ.

ಯಾರೋ ಹಬ್ಬದ ಹಿಂದಿನ ದಿನ ಹೊಲಿಗೆ ಮಿಷನ್ನು ತುಳಿದ ಹಾಗೆ. ಬಾಲಮಣಿ ಅಳಲಿಲ್ಲ. “ಕೆಲಸಗಳ್ಳ ಅಂತ! ನೋಡಿಲ್ಲಿ, ಎಷ್ಟ್ ದುಡಿಲತ್ತದ ನನ್ನ ಬಂಗಾರ,” ಎಂದಳು.

ಬಡಿತವಿದೆ, ಆದರೂ ನಸುಕಿನಲ್ಲೇ ಜಹೀರಾಬಾದಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರಮ್ಮ. ಆಮೇಲೆ ಹೆರಿಗೆಯಾಗುವ ತನಕ ಇಲ್ಲಿ ದಿನಾ ಬಡಿತ ಕೇಳಿಸಿ, ಒಂದು ದಿನವೂ ತಪ್ಪಬಾರದು.

ದಿನಾ! ಮಗಳು ಹೊರಗೆ ಹೋದ ಮೇಲೆ ಬಾಲಮಣಿ ಎರಡು ಬಿಲ್ಲೆಗಳನ್ನೂ ಎರಡು ಅಂಗೈಯಲ್ಲಿಟ್ಟುಕೊಂಡು ನಿಂತಳು. ದಿನಾ ರಾತ್ರಿ ಕಳ್ಳತನ ಮಾಡಲು ಆಗುವುದಿಲ್ಲ. ಹಗಲಿನಲ್ಲಿ ಕೆಂಪಿನದು ಸಿಗುವುದಿಲ್ಲ. ದಾರ ಬಿಟ್ಟರೆ ಎರಡೂ ಅವಳಿ ಮಕ್ಕಳು. ಗೋಡೆಯ ಮೇಲಿದ್ದ ಪಟೇಲರ ಅಪ್ಪ ದುರುಗುಟ್ಟಿ ನೋಡುತ್ತಿದ್ದರು. ಬಾಲಮಣಿ ಅವರಿಗೆ ಬೆನ್ನು ತಿರುಗಿಸಿ ಹಲ್ಲಿನಿಂದ ಗಂಟು ಬಿಚ್ಚಿದಳು. ಜೀವವಿದ್ದದ್ದಕ್ಕೆ ನೀಲಿ. ಸತ್ತದ್ದಕ್ಕೆ ಕೆಂಪು.

ಸ್ಕ್ಯಾನಿನಲ್ಲಿ ಕೂಸು ಗಟ್ಟಿಯಾಗಿತ್ತು. ಆ ದಿನ ಆನಂದಕುಮಾರನೂ ಪಟೇಲರ ಜೊತೆ ಪರಊರಿಗೆ ಹೋಗಿದ್ದರಿಂದ ದವಾಖಾನಿ ಮುಚ್ಚಿತ್ತು. ಮರುದಿನ ಗುರುವಾರ. ಧಮ್ಮಶೀಲಾ ಕಿಟಕಿಯ ಹೊರಗೆ ನಿಂತಿದ್ದಳು. ಪಕ್ಕದಲ್ಲಿ ಕೇರಿಯ ಹಿರಿಯ, ಕೆಮ್ಮಿನ ತುಳಜಪ್ಪ ಮುತ್ಯಾ. ಆನಂದಕುಮಾರ ಆಗಷ್ಟೇ ಬಂದು ಕಂಪ್ಯೂಟರ್ ಚಾಲೂ ಮಾಡಿದ್ದ. ಅಷ್ಟರಲ್ಲಿ ಪಟೇಲರು ಬಂದರು. ಹಿಂದಿನ ದಿನ ಕೊಡಂಗಲ್‌ನ ಬೀಗರ ಮನೆಯಲ್ಲಿ ಹೋಳಿಗೆ ಜಡಿದು ಬಂದು ರಾತ್ರಿಯಿಡೀ ಎದೆ ಉರಿದಿತ್ತಂತೆ.

“ಸರೀರಿಲೇ,” ಎಂದು ಕಿಟಕಿಗೆ ಹೇಳಿ, ಒಳಗೆ ಅಂಗಿ ಬಿಚ್ಚಿ ಮಲಗಿದರು. ಬಾಲಮಣಿ ಮೂಲೆಯಲ್ಲಿ ನೆಲ ಒರೆಸುತ್ತಿದ್ದಳು.

ಆನಂದಕುಮಾರ ಕೆಂಪು ದಾರದ ಬಿಲ್ಲೆ ಇಟ್ಟ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಇವತ್ತು ಒಬ್ಬ ಹುಡುಗ ಡಾಕ್ಟರ್. ಏನೂ ಕೇಳುತ್ತಿಲ್ಲ, ಎಡಕ್ಕೆ ಸರಿಸಿ ಎಂದ. ಆಮೇಲೆ ಬಲಕ್ಕೆ ಎಂದ. ಬೆನ್ನಿಗೆ ಹಚ್ಚಿ ಎಂದ. ಪಟೇಲರು ತವೆಯ ಮೇಲಿನ ರೊಟ್ಟಿಯ ಹಾಗೆ ಮಗ್ಗುಲು ಬದಲಿಸಿದರು. ಕೊನೆಗೆ ಡಾಕ್ಟರ್ ಗಾಬರಿಯಾಗಿ, ಪೇಷಂಟ್ ಮಾತಾಡುತ್ತಿದ್ದಾರಾ ಎಂದು ಕೇಳಿದ.

“ಏ, ಜಿಂದಾ ಇದ್ದೀನಲೇ!” ಪಟೇಲರು ಚೀರಿದರು.

ಕಿಟಕಿಯಲ್ಲಿ ತುಳಜಪ್ಪ ಕೆಮ್ಮಿದ. “ಪಟೇಲ್ರ ಎದ್ಯಾಗ ಏನೂ ಇಲ್ಲಂತ. ನಮಗ ಮೊದಲೇ ಡೌಟ್ ಇತ್ತು. ಈಗ ಡಾಕ್ಟರೇ ಅಂದ್ರು.”

“ಬಾಯಿ ಮುಚ್ಚಲೇ ಭಾಡ್ಯಾ!” ಎಂದರು ಪಟೇಲರು. ಆದರೆ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿತ್ತು. “ಆನಂದಾ, ಖರೇನೇ ನಿಂತದೇನೋ? ಕೈ ಜುಮ್ ಅನಲತ್ತದ.”

ಬೇರೆ ಬಿಲ್ಲೆ ಇದ್ದರೆ ಹಚ್ಚಿ, ಇಲ್ಲವಾದರೆ ಆಂಬುಲೆನ್ಸ್ ಕರೆಯಿರಿ ಎಂದ ಡಾಕ್ಟರ್.

ಆನಂದಕುಮಾರ ಅಲುಗಲಿಲ್ಲ. ನೀಲಿಯದು ಸತ್ತಿರುವುದು ಅವನಿಗೆ ಗೊತ್ತು. ಹಾಗೆಂದು ಹೇಳಿದರೆ ಎರಡು ತಿಂಗಳ ಠೀಕ್ ಅದ, ಠೀಕ್ ಅದ ಎಲ್ಲವೂ ಡಾಕ್ಟರನ ಮುಂದೆಯೇ ಬಿಚ್ಚಿಕೊಳ್ಳುತ್ತದೆ.

“ಬ್ಯಾರೆದು… ಅದು… ಕೇರಿದು ಮಾಮಾ. ನಿಮಗ ನಡಿಯಂಗಿಲ್ಲ.”

“ಚೊಲೋ ಅದರಿ ಅದು!” ಕಿಟಕಿಯಿಂದ ತುಳಜಪ್ಪ ಶಿಫಾರಸು ಮಾಡಿದ. “ಎರಡ್ ತಿಂಗಳಿಂದ ಅದ್ರಾಗೇ ನಮಗೆಲ್ಲಾ ಠೀಕ್ ಅದ ಅಂತ ಹೇಳ್ತಾರ ಇವ್ರು. ಒಬ್ಬರಿಗೂ ಖರಾಬ್ ಅಂದಿಲ್ಲ.”

ಬಾಲಮಣಿ ಅರಿವೆ ಹಿಂಡುತ್ತಾ ತಗ್ಗಿದ ದನಿಯಲ್ಲಿ ಕೇಳಿದಳು, “ಒರಸಿ ಕೊಡ್ಲೇನ್ರಿ, ಪಟೇಲ್ರೆ?”

ಪಟೇಲರು ಅಪ್ಪನ ಫೋಟೊ ನೋಡಿದರು. ಆಮೇಲೆ ಕಣ್ಣುಮುಚ್ಚಿಕೊಂಡರು. “ತಾರಲೇ ಸೂಳೆಮಗನೇ, ತಾ! ಸಾಯ್ಲೇನು ಇಲ್ಲೇ?”

ಆನಂದಕುಮಾರನೂ ಕಣ್ಣುಮುಚ್ಚಿಕೊಂಡೇ ನೀಲಿ ದಾರದ ಬಿಲ್ಲೆ ಇಟ್ಟ.

ಡಬ್. ಡಬ್. ಡಬ್.

ಕೋಣೆ ತುಂಬ ಪಟೇಲರ ಎದೆ. ಅವರು ಕೂಸಿನ ಹಾಗೆ ನಕ್ಕರು. ಆನಂದಕುಮಾರ ಮಾತ್ರ ಬಿಲ್ಲೆಯನ್ನೂ ದಾರವನ್ನೂ ನೋಡಿದ, ಬಾಲಮಣಿಯನ್ನು ನೋಡಿದ. ಬಾಲಮಣಿ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು.

ಎದೆಗೆ ಏನೂ ಆಗಿಲ್ಲ, ಹೋಳಿಗೆ ಕಡಿಮೆ ಮಾಡಿ ಎಂದ ಡಾಕ್ಟರ್. ಪಟೇಲರಿಗೆ ತಕ್ಷಣ ದನಿ ಮರಳಿತು. “ಆ ಕೆಟ್ಟದ್ದು ಬಿಸಾಕು. ಇದಕ್ಕ ಸ್ಪಿರಿಟ್ ಹಚ್ಚಿ ಕೆಂಪ ದಾರ ಕಟ್ಟು. ಇದು ಇನ್ನ ಮ್ಯಾಲ ನಮ್ಮದು.”

ಬಾಲಮಣಿಯ ಕೈ ನಿಂತಿತು. ಇಷ್ಟೆಲ್ಲ ಮಾಡಿ ಕಡೆಗೆ ಇಲ್ಲಿಗೇ ಬಂತೇ? ನಾಳೆಯಿಂದ ಮಗಳ ಹೊಟ್ಟೆಗೆ ಏನು ಹಚ್ಚುವುದು?

“ನೆಕ್ಸ್ಟ್ ಪೇಷಂಟ್,” ಎಂದ ಪರದೆಯ ಮೇಲಿನ ಹುಡುಗ.

ಕಿಟಕಿಯಿಂದ ಧಮ್ಮಶೀಲಾಳ ಮುಖ ಮಾಯವಾಯಿತು. ಮರುಕ್ಷಣ ಅವಳು ಬಾಗಿಲಲ್ಲಿದ್ದಳು. ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಸೀದಾ ಮಂಚದ ಹತ್ತಿರ ಬಂದಳು. ಪಟೇಲರು ಅಂಗಿಯ ಗುಂಡಿ ಹಾಕುತ್ತಾ ಅಲ್ಲೇ ಕೂತಿದ್ದರು.

“ಏ, ಯಾರಲೇ ನಿನಗ ಒಳಗ ಕರದಾರ?”

“ಡಾಕ್ಟರ್ ಕರದಾರ್ರಿ. ಜರಾ ಸರೀರಿ, ಕುಂದ್ರಾಕ ಬರವಲ್ದು ನನಗ.”

ಆಮೇಲೆ ಪರದೆಗೆ ತೆಲುಗಿನಲ್ಲಿ ಊರು, ಹೆಸರು, ತಿಂಗಳು ಹೇಳಿದಳು. ದಿನಾ ಕೇಳಿಸಬೇಕೆಂದು ನಿಮ್ಮವರೇ ಹೇಳಿದ್ದಾರೆ ಎಂದಳು. ಹಚ್ಚಿ, ಹಚ್ಚಿ ಎಂದ ಡಾಕ್ಟರ್, ಅವಸರದಲ್ಲಿ. ಅವನು ನೋಡುತ್ತಿದ್ದ. ಪಟೇಲರು ಅವನ ಮುಂದೆ ಬೈಯಲಾಗದೆ ಮಂಚದಿಂದ ಎದ್ದರು, ಅಂಗಿಯ ಗುಂಡಿ ಒಂದು ಕೆಳಗೆ ಮೇಲಾಗಿತ್ತು. ಆನಂದಕುಮಾರ ಪಟೇಲರ ಎದೆಯಿಂದ ಇಳಿದ ಬಿಲ್ಲೆಯನ್ನು, ಅವರ ಬೆವರೂ ಆರದ ಬಿಲ್ಲೆಯನ್ನು, ಧಮ್ಮಶೀಲಾಳ ಹೊಟ್ಟೆಯ ಮೇಲಿಟ್ಟ.

“ಒರಸ್ರಿ ಮೊದಲ, ಇನ್‌ಫೆಕ್ಷನ್ ಆಗ್ತದ,” ಎಂದಳು ಧಮ್ಮಶೀಲಾ.

ಅವನು ಒರೆಸಿದ. ದಬದಬದಬದಬ ಎಂದು ಹೊಲಿಗೆ ಮಿಷನ್ನು ಓಡಿತು. ನಾಳೆಯೂ ಕೇಳಿಸಿ ಎಂದ ಡಾಕ್ಟರ್, ಬರೆದುಕೊಳ್ಳುತ್ತಾ.

ಎಲ್ಲರೂ ಹೋದ ಮೇಲೆ ಆನಂದಕುಮಾರ ಬಾಗಿಲಿಗೆ ಅಡ್ಡ ನಿಂತ. “ದಾರ ಯಾರ್ ಬದಲ್ ಮಾಡ್ಯಾರ?”

“ಯಾವ ದಾರ್ರಿ? ನೀಲಿದು ಎರಡ್ ತಿಂಗಳಿಂದ ಠೀಕ್ ಅದ ಅಂತ ನೀವೇ ಅಂತಿದ್ರಿ. ನಾ ಓದ್ದಾಕಿ ಅಲ್ಲ. ಪಟೇಲ್ರಿಗಿ ಕೇಳ್ಲೇನು?”

ಅವನ ಫೋನು ಕಿಣಿಕಿಣಿ ಎಂದಿತು. ನಡುರಾತ್ರಿಯಲ್ಲೂ ಗರ್ಭಿಣಿಗೆ ಸೇವೆ ಕೊಟ್ಟ ಕೇಂದ್ರವೆಂದು ಮೇಲಿನವರು ಶಾಬಾಸ್ ಹೇಳಿದ್ದರು. ಎರಡು ಸಲ ಓದಿದ. ತಾರೀಕು ನೋಡಿದ. ಬಾಲಮಣಿ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಯನ್ನು ನೋಡಿದ. ಆಮೇಲೆ ಮೆಲ್ಲನೆ “ಥ್ಯಾಂಕ್ಯೂ ಸರ್” ಎಂದು ಟೈಪು ಮಾಡಿ ದಾರಿ ಬಿಟ್ಟ.

ಕೇರಿಯ ಬಾಯಲ್ಲಿ ತುಳಜಪ್ಪ ಕಾದು ನಿಂತಿದ್ದ. “ಬಾಲವ್ವಾ, ಒಂದ್ ಮಾತ್ ಹೇಳು. ಕೆಂಪ ದಾರದ್ದು ಒಮ್ಮಿಗೇ ಹೆಂಗ ಸತ್ತಿತು? ನಾ ಯಾರ್ ಮುಂದೂ ಅನ್ನಂಗಿಲ್ಲ.”

ಧಮ್ಮಶೀಲಾಳೂ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬಾಲಮಣಿಯ ಹೊಟ್ಟೆಯೊಳಗೆ ನಗು ಕಾಲು ಝಾಡಿಸಿ ಒದೆಯುತ್ತಿತ್ತು. ಹೇಳಿದರೆ ತುಳಜಪ್ಪ ಹೋಟೆಲಿಗೆ ಹೇಳುತ್ತಾನೆ, ಹೋಟೆಲು ಪಟೇಲರಿಗೆ ಹೇಳುತ್ತದೆ, ಕೀಲಿ ಹೋಗುತ್ತದೆ. ಹೆರಿಗೆಗೆ ಇನ್ನೂ ಹದಿನೆಂಟು ದಿನವಿತ್ತು. ತುಳಜಪ್ಪನಿಗಲ್ಲ, ಮಗಳಿಗೂ ಅಲ್ಲ, ಹುಟ್ಟುವ ಕೂಸಿಗೂ ಹೇಳಬಾರದೆಂದು ಅವಳು ಅಲ್ಲೇ ನಿಂತು ಖಾತ್ರಿ ಮಾಡಿಕೊಂಡಳು.

“ಮಿಷನ್ ಅಲ್ಲೇನು ಮುತ್ಯಾ,” ಎಂದಳು. “ಕೆಡ್ತದ.”

ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿ ಎರಡು ಗಂಟು ಹಾಕಿದಳು.